ಮೂರನೆಯ ಸಲ ಕೇಳುವ ಮಾತು

ಬೆಟಗೇರಿ,
ಫೆಬ್ರವರಿ ೩೦, ೨೧೪೨

ಸುವರ್ಣಜ್ಜಿಗೆ, ನಿನ್ನ ಮೊಮ್ಮಗಳ ಮೊಮ್ಮಗಳು ನಿಂಬೆಕ್ಕ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಗೆ ಉಳಿಯುವ ದಿನಗಳಿಗೆ ಹೆಸರಿಲ್ಲ, ಆಗ ಯಾರೂ ಕೆಲಸಕ್ಕೆ ಹೋಗುವುದಿಲ್ಲ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸು. ನಿನಗೂ ನನಗೂ ನಡುವೆ ಎಷ್ಟೋ ಶಬ್ದಗಳು ಸತ್ತುಹೋಗಿವೆ, ಅದರಲ್ಲೂ ಊಟದ ಶಬ್ದಗಳು. ಈ ಕಾಗದ ಓದುವಾಗ ನಿನಗೆ ನಲವತ್ತಾರು, ಬರೆಯುವ ನನಗೆ ನಲವತ್ತೆಂಟು. ಆದರೂ ನೀನು ಅಜ್ಜಿಯೇ, ಅಜ್ಜಿಯನ್ನು ಏಕವಚನದಲ್ಲಿ ಕರೆಯುವುದೇ ನಮ್ಮ ಮನೆಯ ರೂಢಿ. ಇದನ್ನು ಹಿಂದಂಚೆಗೆ ಹಾಕುತ್ತಿದ್ದೇನೆ. ತೀರಿಹೋದವರಿಗೆ, ಅವರು ಬದುಕಿದ್ದ ದಿನಗಳ ವಿಳಾಸಕ್ಕೆ ಬರೆಯುವ ಅಂಚೆ ಅದು. ಮಾರುಕಟ್ಟೆಯ ಹಿಂದೆ ಅದರ ಹಸಿರು ಡಬ್ಬಿ ಇದೆ. ಒಳಗೆ ಹಾಕಿದ ಕಾಗದ ಮಾಯವಾಗುವುದಂತೂ ನಿಜ. ಎಲ್ಲಿಗೆ ಹೋಗುತ್ತದೆ ಎಂದು ಕಂಡವರಿಲ್ಲ.

ಪೀಠಿಕೆ ಸಾಕು. ನನ್ನ ಮಗಳು ಕೇತಲಾ ಉಣ್ಣುತ್ತಿಲ್ಲ. ಹದಿನೇಳು ವರ್ಷದ ಹುಡುಗಿ, ನನ್ನ ಕಣ್ಣೆದುರಿಗೇ ಕರಗಿಹೋಗುತ್ತಿದ್ದಾಳೆ. ಅವಳನ್ನು ಉಳಿಸುವ ಒಂದು ಮಾತು ನಿನಗೆ ಗೊತ್ತಿತ್ತು, ನನಗೆ ಗೊತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹೊಟ್ಟೆ ಸಣ್ಣದು ಮಾಡಿಸಿಕೊಂಡು ಬಂದು ಎರಡು ತಿಂಗಳಾಗಿರಬೇಕು. ಆ ಆಪರೇಷನ್‌ಗೆ ನಾವು ‘ಕಿರಿದು’ ಎನ್ನುತ್ತೇವೆ. ನಿನ್ನ ಕಾಲದಲ್ಲಿ ಸಕ್ಕರೆ ಕಾಯಿಲೆಯವರು, ಮಂಡಿ ಹೋದವರು, ಮಲಗಿದರೆ ಉಸಿರು ಕಟ್ಟುವವರು ಮಾಡಿಸಿಕೊಳ್ಳುತ್ತಿದ್ದರು. ಈಗ ಹದಿನಾರು ತುಂಬಿದವರಿಗೆಲ್ಲ ಮಾಡುತ್ತಾರೆ. ಗಾಯವಿಲ್ಲ, ನೋವಿಲ್ಲ, ಬೆಳಿಗ್ಗೆ ಹೋದವರು ಮಧ್ಯಾಹ್ನಕ್ಕೆ ಮನೆಗೆ ಬರುತ್ತಾರೆ. ಬೇಳೆ ಬೆಲ್ಲ ಸಿಗದೇ ಹೋದ ಕಾಲದಲ್ಲಿ ಸರ್ಕಾರಕ್ಕೂ ಅದೇ ಅನುಕೂಲವೆನಿಸಿತಂತೆ. ಆಮೇಲೆ ಹಸಿವು ಎಂಬುದು ಬರುವುದಿಲ್ಲ. ಮಣಿಕಟ್ಟಿಗೆ ಕಟ್ಟಿದ ‘ಗುಟುಕುಗಂಟೆ’ ನಡುಗಿದಾಗ ಗೋಡೆಯ ಗೂಡು ತೆರೆದು, ಒಂದು ಹಿಡಿಯೂ ತುಂಬದ ಬಟ್ಟಲು ತೆಗೆದುಕೊಂಡು, ನಿಂತಲ್ಲೇ ಮುಗಿಸುತ್ತೇವೆ. ಅಡುಗೆಮನೆ ಇಲ್ಲ, ತಟ್ಟೆ ಇಲ್ಲ. ಮದುವೆಗೆ ಹೋದರೆ ಬಾಗಿಲಲ್ಲೇ ಬಟ್ಟಲು ಕೊಟ್ಟುಬಿಡುತ್ತಾರೆ. ಒಬ್ಬರು ಇನ್ನೊಬ್ಬರಿಗೆ ಬಡಿಸುವುದನ್ನು ನನ್ನ ಮಗಳು ಹುಟ್ಟಿದಾಗಿನಿಂದ ನೋಡಿಲ್ಲ. ನಾನೂ ನೋಡಿಲ್ಲ.

ಹೊಟ್ಟೆಯ ಹಸಿವು ಹೋದರೂ ತಲೆಯ ಹಸಿವು ಹೋಗುವುದಿಲ್ಲ. ಅದಕ್ಕೆ ‘ತಲೆಹಸಿವು’ ಎಂದೇ ಹೆಸರು. ಅದು ಕಾಡಿದವರು ‘ಅಗಿಯುವ ಅಂಗಡಿ’ಗೆ ಹೋಗುತ್ತಾರೆ. ಅಲ್ಲಿ ಪರದೆಯ ಹಿಂದೆ ಕೂತು ಜಿಲೇಬಿ, ಮಿರ್ಚಿ ಭಜಿ ಅಗಿದು ಪೀಕದಾನಿಗೆ ಉಗುಳಿ ಬರಬಹುದು. ಕೇತಲಾಳ ಅಪ್ಪ ತಿಂಗಳಿಗೊಮ್ಮೆ ಹೋಗಿ ಕಣ್ಣು ಕೆಂಪು ಮಾಡಿಕೊಂಡು ಬರುತ್ತಾನೆ. ನಾನು ಏನೂ ಅನ್ನುವುದಿಲ್ಲ, ನಾನೂ ಹೋಗಿದ್ದೇನೆ. ಹೇಸಿಗೆಯೆನಿಸಿತೇ? ಎನಿಸಲಿ. ಹಾಗಾದರೂ ಒಂದು ಆಸೆ ಉಳಿದಿದೆಯಲ್ಲ ಎಂದು ನನಗನಿಸುತ್ತದೆ, ಯಾಕೆಂದರೆ ನನ್ನ ಮಗಳಿಗೆ ಅದೂ ಇಲ್ಲ.

ಇವಳು ಹೀಗಿರಲಿಲ್ಲ ಅಜ್ಜಿ. ಸೀರೆಯ ಅಂಚಿಗೆ ನಮೂನೆ ಬರೆಯುವ ಹುಡುಗಿ, ಬಣ್ಣದ ವಿಷಯಕ್ಕೆ ನನ್ನ ಜೊತೆ ಜಗಳಕ್ಕೇ ನಿಲ್ಲುತ್ತಿದ್ದಳು. ನಾನು ಕೆಂಪು ಎಂದರೆ ನಿನಗೆ ಕಣ್ಣು ಕಾಣೋದಿಲ್ಲ ಎನ್ನುತ್ತಿದ್ದಳು. ಕಿರಿದು ಆದ ವರ್ಷ ಚೆನ್ನಾಗಿಯೇ ಇದ್ದಳು. ಆಮೇಲೆ ಒಂದು ಹೊತ್ತಿನ ಬಟ್ಟಲು ಬಿಟ್ಟಳು, ಬರಬರುತ್ತಾ ಎರಡು ಹೊತ್ತಿನದು. ಗುಟುಕುಗಂಟೆ ಬಿಚ್ಚಿ ಮೇಜಿನ ಮೇಲಿಟ್ಟಳು. ಈಗ ಈ ಸುಡುಬಿಸಿಲಲ್ಲಿ ಕಂಬಳಿ ಹೊದ್ದು ಕಿಟಕಿಯ ಬಳಿ ಕೂತಿರುತ್ತಾಳೆ. ಬಳೆ ಮೊಣಕೈವರೆಗೂ ಸರಿಯುತ್ತದೆ. ಮೊನ್ನೆ ಬೇಕೆಂತಲೇ ಕೆಂಪಿನ ಮಾತು ತೆಗೆದೆ. ನಿನಗೆ ಸರಿ ಕಂಡದ್ದು ಹಾಕು ಎಂದಳು.

ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿದ್ದೆ. ನನ್ನ ವಯಸ್ಸಿನ ಹೆಂಗಸು, ಒಳ್ಳೆಯವಳು. ಹೊಟ್ಟೆಯಲ್ಲಿ ದೋಷವಿಲ್ಲ, ಬೇಕು ಎನ್ನುವುದೇ ಆರಿಹೋಗಿದೆ ಎಂದಳು. ಬೇಡ ಎಂದವರ ಮೂಗಿಗೆ ನಳಿಕೆ ಹಾಕಲು ಕಾನೂನು ಬಿಡುವುದಿಲ್ಲ. ಕೊನೆಗೆ ಬಾಗಿಲು ಮುಚ್ಚಿ, ದನಿ ತಗ್ಗಿಸಿ, ಮನೆಯಲ್ಲಿ ಯಾರಾದರೂ ಮತ್ತೆ ಮತ್ತೆ ಕೇಳಿ ಉಣಿಸಿದರೆ ಬದುಕಿಯಾಳು ಎಂದಳು. ಹೇಗೆ ಕೇಳುವುದು ಎಂದೆ. ಆಕೆಗೂ ಗೊತ್ತಿರಲಿಲ್ಲ.

ದನಿ ತಗ್ಗಿಸಿದ್ದೇಕೆಂದರೆ, ಬೇಡ ಎಂದವರನ್ನು ಇನ್ನೊಮ್ಮೆ ಕೇಳುವುದು ನಮ್ಮಲ್ಲಿ ದೊಡ್ಡ ಅಸಭ್ಯತೆ. ‘ಮರುಕೇಳಿಕೆ’ ಎನ್ನುತ್ತಾರೆ. ಮಕ್ಕಳು ಮಾಡಿದರೆ ಶಾಲೆಯಲ್ಲಿ ಬೈಗುಳ ಬೀಳುತ್ತದೆ, ದೊಡ್ಡವರು ಮಾಡಿದರೆ ನೆಂಟಸ್ತನ ಮುರಿಯುತ್ತದೆ. ನಿಮ್ಮ ಕಾಲದಲ್ಲಿ ಮೊದಲನೆಯ ‘ಬೇಡ’ಕ್ಕೆ ಯಾರೂ ಕಿವಿಗೊಡುತ್ತಿರಲಿಲ್ಲ ಎಂದು ನನ್ನಜ್ಜಿ, ಅಂದರೆ ನಿನ್ನ ಮೊಮ್ಮಗಳು, ಹೇಳಿದಾಗ ನಾನು ನಂಬಿರಲಿಲ್ಲ. ಬೇಡ ಎನ್ನುವುದು ಉಣ್ಣುವವರ ಮರ್ಯಾದೆಯಂತೆ, ಅದಕ್ಕೆ ಕಿವಿಗೊಡದೆ ಹಾಕುವುದು ಬಡಿಸುವವರ ಮರ್ಯಾದೆಯಂತೆ. ಅದರಲ್ಲಿ ನಿನ್ನನ್ನು ಮೀರಿಸುವವರು ಬೆಟಗೇರಿಯಲ್ಲೇ ಇರಲಿಲ್ಲವಂತೆ. ಪಂಕ್ತಿಯಲ್ಲಿ ನೀನು ಹೋಳಿಗೆಯ ಬುಟ್ಟಿ ಹಿಡಿದು ಬರುವುದು ಕಂಡರೆ ಗಂಡಸರು ಎರಡೂ ಕೈ ಅಡ್ಡ ಹಿಡಿದು ಎಲೆಯ ಮೇಲೆ ಬಗ್ಗಿಬಿಡುತ್ತಿದ್ದರಂತೆ. ನೀನು ಅವರ ಬೆರಳ ಸಂದಿಯಿಂದಲೇ ತುಪ್ಪ ಸುರಿದು, ಈಗ ಕೈ ನೆಕ್ಕುತ್ತೀರೋ ಹೋಳಿಗೆ ಹಾಕಿಸಿಕೊಳ್ಳುತ್ತೀರೋ ಎನ್ನುತ್ತಿದ್ದೆಯಂತೆ. ಇದನ್ನು ಹೇಳುವಾಗ ಅಜ್ಜಿ ನಕ್ಕು ನಕ್ಕು ಸುಸ್ತಾಗುತ್ತಿದ್ದಳು. ನನಗೆ ಆಗ ನಗು ಬರುತ್ತಿರಲಿಲ್ಲ, ಹೆದರಿಕೆಯಾಗುತ್ತಿತ್ತು.

ಮುಂದಿನದು ನಿನಗಿನ್ನೂ ಆಗಿಲ್ಲ, ನಾನೇ ಹೇಳುತ್ತೇನೆ. ಈ ತಿಂಗಳಲ್ಲಿ ಬಾಚಣಿಗೆ ತುಂಬ ಕೂದಲು ಬರುತ್ತದೆ. ಅಳಬೇಡ, ಮತ್ತೆ ಬೆಳೆಯುತ್ತದೆ. ಚಹಾದ ಬಶಿಯಲ್ಲಿ ಉಣ್ಣುವುದು ರೂಢಿಯಾಗುತ್ತದೆ. ನಾಲ್ಕು ತುತ್ತಿಗೆ ಹೊಟ್ಟೆ ತುಂಬಿದರೂ ಅಡುಗೆ ಮಾಡುವ ಕೈ ಮಾತ್ರ ಹಳೆಯ ಅಳತೆಯಲ್ಲೇ ಅಕ್ಕಿ ತೊಳೆಯುತ್ತದೆ. ಮೈ ಅರ್ಧಕ್ಕಿಳಿದ ಮೇಲೂ ವರ್ಷಗಟ್ಟಲೆ ಬಾಗಿಲಲ್ಲಿ ಅಡ್ಡ ತಿರುಗಿಯೇ ಒಳಗೆ ಹೋಗುತ್ತೀ, ಬಸ್ಸಿನಲ್ಲಿ ಪಕ್ಕದವರಿಗೆ ಜಾಗ ಸಾಲದೇನೋ ಎಂದು ಮುದುಡಿ ಕೂರುತ್ತೀ. ಇನ್ಸುಲಿನ್ ನಿಲ್ಲುತ್ತದೆ. ಎಂಬತ್ತು ದಾಟಿ ಬದುಕುತ್ತೀ. ಆಪರೇಷನ್ ಮಾಡಿಸಿಕೊಂಡದ್ದು ಒಳ್ಳೆಯದಾಯಿತು, ಅದರ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ನನ್ನ ಸಿಟ್ಟು ಬರುವ ಯುಗಾದಿಯ ಮೇಲೆ.

ಆ ಯುಗಾದಿಗೆ ನಿನ್ನ ಅತ್ತೆ ನಿನ್ನ ಬಶಿಗೆ ಹೋಳಿಗೆ ಹಾಕುತ್ತಾಳೆ. ಬೇಡ ಎನ್ನುತ್ತೀ. ಹಬ್ಬದ ದಿನ ಬೇಡ ಅನ್ನಬಾರದು, ಒಂದು ಚೂರಿನಿಂದ ಏನಾಗುತ್ತದೆ ಎಂದು ಅವಳು ಆಣೆ ಹಾಕುತ್ತಾಳೆ. ಊರಿಗೆಲ್ಲ ಒತ್ತಾಯ ಮಾಡಿದವಳು ನೀನು, ಆಣೆಗೆ ಸೋತು ಅರ್ಧ ಹೋಳಿಗೆ ತಿನ್ನುತ್ತೀ. ಸಣ್ಣದಾದ ಹೊಟ್ಟೆಗೆ ಆ ಸಿಹಿ ತಡೆಯದೆ, ಸ್ವಲ್ಪ ಹೊತ್ತಿಗೆ ಮೈಯೆಲ್ಲ ಬೆವರಿ, ಎದೆ ಡವಡವ ಎಂದು, ಹೊಟ್ಟೆ ಹಿಂಡಿ, ಬಚ್ಚಲಲ್ಲಿ ಕುಸಿಯುತ್ತೀ. ಸಂಜೆ ಮನೆಮಂದಿಯೆಲ್ಲ ಮಂಚದ ಸುತ್ತ ನಿಂತಾಗ ಅಳುತ್ತಾ ಹೇಳುತ್ತೀ: “ಇನ್ನ ಮ್ಯಾಲೆ ಈ ಮನ್ಯಾಗ ಯಾರೂ ಯಾರಿಗೂ ಒತ್ತಾಯ ಮಾಡಬ್ಯಾಡ್ರಿ. ಬ್ಯಾಡ ಅಂದ್ರ ಬ್ಯಾಡ, ಮುಗೀತು.”

ನಿನ್ನ ಮೇಲಿನ ಪ್ರೀತಿಗೆ ಮನೆಯವರೆಲ್ಲ ಆ ಮಾತು ನಡೆಸಿದರು. ಅತ್ತೆಯಂತೂ ಸಾಯುವವರೆಗೆ ಯಾರ ತಟ್ಟೆಗೂ ಎರಡನೆಯ ಸಲ ಸೌಟು ತರಲಿಲ್ಲ. ಆ ಮನೆಯಲ್ಲಿ ಬೆಳೆದ ಮಕ್ಕಳು ಅದನ್ನೇ ಕಲಿತರು, ಅವರ ಮಕ್ಕಳೂ ಕಲಿತರು. ನಿನ್ನೊಬ್ಬಳಿಂದ ಲೋಕ ಕೆಟ್ಟಿತು ಎನ್ನುವಷ್ಟು ಹುಚ್ಚಿ ನಾನಲ್ಲ. ಆಗ ಕಿರಿದು ಆದವರ ಮನೆಮನೆಯಲ್ಲೂ ಇಂಥದೇ ಒಂದು ಸಂಜೆ ಬಂದಿರಬೇಕು. ಆದರೆ ನನಗೆ ಬೇಕಾಗಿರುವುದು ಲೋಕವಲ್ಲ, ನಮ್ಮ ಮನೆ ಒಂದೇ.

ನನ್ನಜ್ಜಿಗೆ ಏಳು ವರ್ಷವಾಗಿದ್ದಾಗ ವಿಷಮಜ್ವರ ಬಂದು ಅನ್ನ ನೀರು ಬಿಟ್ಟಿದ್ದಳಂತೆ. ಆಗ ನೀನು ಮುದುಕಿ. ನಿನ್ನ ಮಾತನ್ನು ನೀನೇ ಮುರಿದು, ಗಂಜಿಯ ಬಟ್ಟಲು ಹಿಡಿದು ಅವಳ ಹಾಸಿಗೆಯ ಮೇಲೆ ಕೂತೆಯಂತೆ. ಬೇಡ ಎಂದಳು. ನೀನು ಏನೋ ಅಂದೆ. ಮತ್ತೆ ಬೇಡ ಎಂದಳು, ಮತ್ತೆ ಏನೋ ಅಂದೆ. ಮೂರನೆಯ ಸಲ ನೀನು ಅಂದದ್ದಕ್ಕೆ ಅವಳಿಗೆ ಸಿಟ್ಟು, ನಗು, ಅಳು ಒಟ್ಟಿಗೇ ಬಂದು ಬಾಯಿ ತೆರೆದಳಂತೆ. ತನ್ನ ಬದುಕಿನಲ್ಲಿ ಯಾರಾದರೂ ತನಗೆ ಒತ್ತಾಯ ಮಾಡಿದ್ದು ಅದೊಂದೇ ಸಲ ಎಂದು ಅಜ್ಜಿ ಕೊನೆಯವರೆಗೂ ಹೇಳುತ್ತಿದ್ದಳು. ನೀನು ಏನಂದೆ ಎಂಬುದು ಮಾತ್ರ ಅವಳಿಗೆ ನೆನಪಿರಲಿಲ್ಲ. ಗಂಜಿಯ ಬಿಸಿ ನೆನಪಿತ್ತು, ನಿನ್ನ ಸೆರಗಿನ ವಾಸನೆ ನೆನಪಿತ್ತು. ಸುಡಲಿ, ಆ ಮಾತೊಂದು ನೆನಪಿರಲಿಲ್ಲ.

ನಾನೂ ಕೂತು ನೋಡಿದೆ. ಬೆಳಿಗ್ಗೆ ಗೂಡಿನಿಂದ ಬಟ್ಟಲು ತೆಗೆದು, ಬಚ್ಚಲ ಬಿಸಿನೀರಿನಲ್ಲಿಟ್ಟು ಬಿಸಿ ಮಾಡಿ, ಮಗಳ ಎದುರು ಹಿಡಿದೆ. ಬೇಡ ಎಂದಳು. ಅಜ್ಜಿ, ನನ್ನ ಕೈ ನನ್ನನ್ನು ಕೇಳದೆ ಹಿಂದಕ್ಕೆ ಬಂತು. ಹುಟ್ಟಿದಾಗಿನಿಂದ ಕಲಿತ ಕೈ ಅದು. ಬಾಗಿಲವರೆಗೂ ಹೋದ ಮೇಲೆ ನಾನು ಏನು ಮಾಡುತ್ತಿದ್ದೇನೆಂದು ಗೊತ್ತಾಗಿ ನನ್ನ ಮೇಲೆ ನನಗೇ ಅಸಹ್ಯವಾಯಿತು. ತಿರುಗಿ ಬಂದು ಎರಡನೆಯ ಸಲ ಕೇಳಿದೆ. ಕೆನ್ನೆಗೆ ಹೊಡೆದೆನೇನೋ ಎಂಬಂತೆ ನೋಡಿದಳು.

“ಯವ್ವಾ, ಬ್ಯಾಡ ಅಂದೆನಲ್ಲ. ಕೇಳಿಸ್ಲಿಲ್ಲೇನು?”

ಕೇಳಿಸಿತು ಎಂದೆ. ಅದರಾಚೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಬೇಡಿಕೊಳ್ಳಬೇಕೋ, ಬೈಯಬೇಕೋ, ತಮಾಷೆ ಮಾಡಬೇಕೋ? ಮೂರೂ ಸೇರಿದ ಮಾತೇ? ಬಟ್ಟಲು ಪಕ್ಕಕ್ಕಿಟ್ಟು ಈ ಕಾಗದ ಬರೆಯಲು ಕೂತೆ. ಇವತ್ತು ಬೆಳಗಿನಿಂದ ನೀರಿಗೂ ಬೇಡ ಎನ್ನುತ್ತಿದ್ದಾಳೆ.

ನಾನು ಕೇಳುವುದು ಇಷ್ಟೇ. ಆ ಯುಗಾದಿಯ ಸಂಜೆ ಅಳು ಬಂದರೆ ಅಳು. ಅತ್ತೆಗೆ ಬೈಯಬೇಕೆನಿಸಿದರೆ ಬೈ. ಆದರೆ ‘ಯಾರಿಗೂ’ ಎನ್ನಬೇಡ. ನನಗೆ ಒತ್ತಾಯ ಮಾಡಬೇಡಿ, ನನಗಷ್ಟೇ ಎಂದು ಹೇಳಿ ಸುಮ್ಮನಾಗು. ಉಳಿದವರಿಗೆ ಬಡಿಸುವ ಸೌಟು ನಿನ್ನ ಕೈಯಲ್ಲೇ ಇರಲಿ. ನೀನು ಬಶಿಯಲ್ಲಿ ಉಂಡರೂ ಅವರ ಜೊತೆ ಪಂಕ್ತಿಯಲ್ಲೇ ಕೂತು ಉಣ್ಣು. ಆ ಮೂರನೆಯ ಮಾತನ್ನು ಮಗಳಿಗೆ ಹೇಳು, ಮೊಮ್ಮಗಳಿಗೆ ಜ್ವರವಿಲ್ಲದ ದಿನವೂ ಹೇಳು, ಬಾಯಿಪಾಠವಾಗುವವರೆಗೆ ಹೇಳು. ಅವಳು ನನಗೆ ಹೇಳುತ್ತಾಳೆ.

ಬರೆಯುತ್ತಾ ಬಂದಂತೆ ಒಂದು ವಿಷಯ ಹೊಳೆಯಿತು, ಹೊಳೆಯದಿದ್ದರೆ ಚೆನ್ನಾಗಿತ್ತು. ಈ ಕಾಗದ ನಿನಗೆ ತಲುಪಿದ್ದರೆ, ನೀನು ನನ್ನ ಮಾತು ನಡೆಸಿದ್ದರೆ, ಆ ಮಾತು ಇಷ್ಟು ಹೊತ್ತಿಗೆ ನನಗೆ ಗೊತ್ತಿರಬೇಕಿತ್ತು. ಚಿಕ್ಕಂದಿನಿಂದಲೇ ಗೊತ್ತಿರಬೇಕಿತ್ತು. ಕಣ್ಣು ಮುಚ್ಚಿ ಹುಡುಕಿದೆ. ಇಲ್ಲ ಅಜ್ಜಿ, ನನಗೆ ಗೊತ್ತಿಲ್ಲ.

ಆದರೂ ಡಬ್ಬಿಗೆ ಹಾಕುತ್ತೇನೆ. ನಿನಗೆ ಮೈ ಹಗುರಾಗಲಿ, ಮೆಟ್ಟಿಲು ಸಲೀಸಾಗಲಿ, ಕನ್ನಡಿಯಲ್ಲಿ ಕಾಣುವವಳ ಪರಿಚಯ ಬೇಗ ಆಗಲಿ. ಬಟ್ಟಲು ಆರಿಹೋಗಿದೆ, ಇನ್ನೊಮ್ಮೆ ಬಿಸಿಗಿಟ್ಟಿದ್ದೇನೆ. ಈಗ ಒಳಗೆ ಹೋಗಿ ಅವಳನ್ನು ಮೂರನೆಯ ಸಲ ಕೇಳುತ್ತೇನೆ. ಏನಂತ ಕೇಳಬೇಕೋ ಗೊತ್ತಿಲ್ಲ.

ನಿನ್ನ,
ನಿಂಬೆಕ್ಕ