ಬಾಟಲಿಯಲ್ಲಿ ಉಳಿದ ಕೊಬ್ಬು

ಆಸ್ಪತ್ರೆಯ ಲ್ಯಾಬು, ನೆಲಮಾಳಿಗೆ
ಗುರುವಾರ, ಮಾರ್ಚ್ 14

ಪ್ರೀತಿಯ ಅಕ್ಕಾ,

ಎದೆಯ ಹೊಲಿಗೆ ಬಿಚ್ಚಿದ ಜಾಗ ಒಣಗಿತೇ? ಎಡಗೈ ಮೇಲೆತ್ತಲು ಬರುತ್ತಿದೆಯೇ? ಮಗಳ ಮನೆಗೆ ಹೋದರೂ ನೀನು ಸುಮ್ಮನೆ ಕೂರುವವಳಲ್ಲ. ಮೊಮ್ಮಗುವನ್ನು ಮಾತ್ರ ಆ ಕೈಯಲ್ಲಿ ಎತ್ತಿಕೊಳ್ಳಬೇಡ. ಕೊಯ್ದು ತೆಗೆದ ಗಡ್ಡೆಯ ಅಂಚಿನಲ್ಲಿ ರೋಗವಿಲ್ಲವೆಂದರೆ ಒಳಗೂ ಉಳಿದಿಲ್ಲವೆಂದು ನಾನೇ ನಿನಗೆ ವಿವರಿಸಿದ್ದೆ. ವರದಿ ಬಂದ ದಿನ ‘ಅಂಚು ಕ್ಲೀನಾಗಿದೆಯಂತೆ ಕಣೋ, ಪೀಡೆ ತೊಲಗ್ತು’ ಎಂದು ನೀನು ಫೋನಿನಲ್ಲಿ ನಕ್ಕ ನಗು ಇನ್ನೂ ಕಿವಿಯಲ್ಲಿದೆ.

ನಾನು ಚೆನ್ನಾಗಿದ್ದೇನೆ, ಊಟ ಸೇರುತ್ತಿಲ್ಲ ಅಷ್ಟೆ. ಮೂರು ದಿನದಿಂದ ಬೆಣ್ಣೆಯ ಡಬ್ಬಿ ಕಂಡರೆ ತಟ್ಟೆ ಬಿಟ್ಟು ಏಳುತ್ತೇನೆ. ಹದಿನೆಂಟು ವರ್ಷ ಗಡ್ಡೆ ಕತ್ತರಿಸಿ ಪರೀಕ್ಷೆಗೆ ಅಣಿಮಾಡಿದವನಿಗೆ ಹೇಸಿಗೆಯೇ ಎಂದು ನಗುತ್ತೀಯ. ನನಗೆ ‘ಕಟುಕಪ್ಪ’ ಎಂದು ಹೆಸರಿಟ್ಟವಳು ನೀನೇ. ರಕ್ತಕ್ಕೆ, ಕೀವಿಗೆ ನಾನು ಮೂಗು ಮುಚ್ಚಿದವನಲ್ಲ. ಕೊಬ್ಬು ಮಾತ್ರ ಮೊದಲಿನಿಂದಲೂ ಆಗುವುದಿಲ್ಲ. ಹಳದಿ ಜಿಡ್ಡು. ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ, ಕೈಗವಸಿನಿಂದ ಕನ್ನಡಕಕ್ಕೆ ಹತ್ತುತ್ತದೆ, ಮೇಣದ ಅಚ್ಚಿನಲ್ಲಿ ನಿಲ್ಲದೆ, ಸೂಕ್ಷ್ಮದರ್ಶಕಕ್ಕಿಡುವ ಗಾಜಿನ ಸ್ಲೈಡಿನಿಂದ ಜಾರಿಹೋಗುತ್ತದೆ. ಅದಕ್ಕೇ ಗಡ್ಡೆಯ ಸುತ್ತಲಿನ ಕೊಬ್ಬು ಹೆರೆದು, ಚೊಕ್ಕ ತುಂಡನ್ನಷ್ಟೇ ಮೇಣಕ್ಕಿಡುವುದು ನನ್ನ ಅಭ್ಯಾಸ. ಉಳಿದದ್ದು ಕೆಡದಂತೆ ಫಾರ್ಮಲಿನ್ ಬಾಟಲಿಗೆ. ನನ್ನ ತುಂಡುಗಳು ಅಂದವಾಗಿರುತ್ತವೆ ಎಂದು ಎಲ್ಲರೂ ಹೊಗಳುತ್ತಾರೆ.

ಸೋಮವಾರ ನಮ್ಮ ಹಿರಿಯ ಡಾಕ್ಟರಮ್ಮ ಯಾರದೋ ಸ್ಲೈಡು ತೋರಿಸಿದರು. ಗಡ್ಡೆಯಿಂದ ದೂರದ ಕೊಬ್ಬಿನ ಕೋಶಗಳು ಗುಂಡಗೆ ತುಂಬಿಕೊಂಡಿದ್ದವು; ಗಡ್ಡೆಗೆ ತಾಗಿದವು ಸೊರಗಿ ಕಿರಿದಾಗಿದ್ದವು. ‘ಕೊಬ್ಬು ಸುಮ್ನೆ ಕೂತಿರತ್ತೆ ಅಂದ್ಕೊಂಡ್ಯೇನಯ್ಯಾ? ಇವೆರಡೂ ಮಾತಾಡ್ಕೊಳ್ತವೆ’ ಎಂದರು. ಕ್ಯಾನ್ಸರ್ ಕೋಶ ಸಂಕೇತ ಕಳಿಸುತ್ತದಂತೆ. ಕೊಬ್ಬಿನ ಕೋಶ ತಾನು ಕೂಡಿಟ್ಟದ್ದನ್ನು ಕರಗಿಸಿ ಅದಕ್ಕೆ ಉಣ್ಣಿಸುತ್ತದಂತೆ, ಬೆಳೆಯಲು, ಹರಡಲು ಕುಮ್ಮಕ್ಕು ಕೊಡುವ ರಸಗಳನ್ನೂ ಸುರಿಸುತ್ತದಂತೆ. ಮನೆಯವರೇ ಕಳ್ಳನಿಗೆ ಬಾಗಿಲು ತೆಗೆದು, ತಟ್ಟೆ ಇಟ್ಟು ಬಡಿಸಿದ ಹಾಗೆ.

ಭಾವನ ಮಾತೂ ನೆನಪಾಯಿತು: ‘ಸ್ವಲ್ಪ ಬಾಯಿ ಕಟ್ಟಿದ್ರೆ ಇದೆಲ್ಲ ಬರ್ತಿತ್ತಾ?’ ನಿನ್ನ ಮಂಚದ ಪಕ್ಕ ನಿಂತು, ನಿನಗೆ ತಂದ ಬಿಸ್ಕತ್ತನ್ನೇ ಮೆಲ್ಲುತ್ತ ಹೇಳಿದ್ದು. ಥೂ. ತೆಳ್ಳಗಿನವರ ಎದೆಯಲ್ಲೂ ಕೊಬ್ಬಿರುತ್ತದೆ, ಅಕ್ಕಾ. ಅವರ ಗಡ್ಡೆಗಳೂ ನನ್ನ ಮೇಜಿಗೆ ಬರುತ್ತವೆ. ಆದರೆ ಭಾವನನ್ನು ಬಯ್ಯುವ ಬಾಯಿ ನನಗಿಲ್ಲ. ಚಿಕ್ಕಂದಿನಲ್ಲಿ ಬೀದಿಯವರಿಗೆಲ್ಲ ಕೇಳುವಂತೆ ನಿನ್ನನ್ನು ‘ಡ್ರಮ್ಮು’ ಎಂದು ಕೂಗಿದವನು ನಾನು.

ಮಗಳಿಗೆ ಆಶೀರ್ವಾದ, ಮಗುವಿನ ಎರಡೂ ಕೆನ್ನೆಗೆ ನನ್ನ ಮುತ್ತು. ಮಾತ್ರೆ ತಪ್ಪಿಸಬೇಡ.

ನಿನ್ನ
ಕಟುಕಪ್ಪ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನ ಗಡ್ಡೆಯನ್ನು ಬೇರೆಯವರು ಮುಟ್ಟಬಾರದೆಂದು ನಾನೇ ಕೇಳಿ ಪಡೆದು ಕತ್ತರಿಸಿದ್ದೆ. ಕೆಳಬದಿಯ ಅಂಚು ಸ್ಲೈಡಿನಲ್ಲಿ ಕಾಣುತ್ತಿಲ್ಲವೆಂದು ಡಾಕ್ಟರಮ್ಮ ಕೇಳಿದಾಗ ‘ಅಲ್ಲಿ ಬರೀ ಕೊಬ್ಬು ಮೇಡಂ, ಏನಿಲ್ಲ’ ಎಂದೆ. ನಂಬಿ ವರದಿಗೆ ಸಹಿ ಹಾಕಿದರು. ಸೋಮವಾರ ಸಂಜೆ ನಿನ್ನ ಬಾಟಲಿ ತೆರೆದು, ಹೆರೆದಿಟ್ಟ ಕೊಬ್ಬನ್ನೆಲ್ಲ ಮೇಣಕ್ಕೆ ಹಾಕಿದೆ. ಇವತ್ತು ಅವರು ನೋಡಿದರು. ರೋಗ ಅಂಚಿನವರೆಗೂ ಇದೆ. ಇನ್ನೊಮ್ಮೆ ಆಪರೇಷನ್ ಆಗಬೇಕು, ಬರುವ ಬುಧವಾರಕ್ಕೆ ಹೇಳಿಟ್ಟಿದ್ದೇನೆ. ಫೋನಿನಲ್ಲಿ ನಿನ್ನ ನಗು ಕೇಳಿದರೆ ಮತ್ತೆ ‘ಏನಿಲ್ಲ’ ಎಂದುಬಿಡುತ್ತೇನೆ, ಅದಕ್ಕೇ ಈ ಪತ್ರ, ಕೊರಿಯರಿನಲ್ಲಿ. ಮುಖಕ್ಕೆ ಉಗಿಯಬೇಕಿದ್ದರೆ ಬಂದು ಉಗಿ, ಆದರೆ ಬಾ. ಈ ಸಲ ನಿನ್ನದನ್ನು ನಾನು ಮುಟ್ಟುವುದಿಲ್ಲ.