ಚೀಲಕ್ಕೆ ಹೊರಟಿದ್ದ ತಟ್ಟೆ

ಜೂನ್ ೧೨, ಗುರುವಾರ, ಒಸಾಕಾ

ಇವತ್ತೂ ಲ್ಯಾಬಿನ ಜೊತೆಗಾತಿ ಇಸೊಮುರಾಳ ಬ್ಯಾಕ್ಟೀರಿಯಾಗಳೇ ಈಜಿದವು. ಅವಳ ಅಗರ್ ಲೋಳೆಯ ತಟ್ಟೆಯಲ್ಲಿ ಅವು ಹರಡಿ ಮೂಡಿಸಿದ ದೊಡ್ಡ ಉಂಗುರ. ನನ್ನದರಲ್ಲಿ ಸಾಸಿವೆಯಷ್ಟು ಚುಕ್ಕೆ. ಬಾಲ ತಿರುಗಿಸುವ ಮೋಟಾರಿನ ಜೀನನ್ನು ನಾನೇ ಕೆಡಿಸಿದ ತಳಿ ನನ್ನದು. ಒಂದಾದರೂ ತಾನಾಗಿ ರಿಪೇರಿಯಾಗಿ ಈಜಲಿ ಎಂದು ವಸಂತದಿಂದ ಕಾಯುತ್ತಿದ್ದೇನೆ. ಬಾಲವಿದ್ದೂ ಅಲ್ಲಾಡಿಸಲು ಬಾರದವು, ಥೇಟ್ ನನ್ನ ಹಾಗೆ.

ಶರತ್ಕಾಲದ ಸಮ್ಮೇಳನದಲ್ಲಿ ನಮ್ಮಲ್ಲಿ ಒಬ್ಬರಿಗಷ್ಟೇ ವೇದಿಕೆ. ಮೇಷ್ಟ್ರು ಅವಳ ತಟ್ಟೆಯನ್ನು ಬೆಳಕಿಗೆ ಹಿಡಿದು "ಆಹಾ" ಎಂದರು. ನನ್ನದಕ್ಕೆ "ಹ್ಞೂಂ." ಆ ಹ್ಞೂಂ ಮಧ್ಯಾಹ್ನದ ಅನ್ನದ ಜೊತೆಗೂ ಇಳಿಯಲಿಲ್ಲ.

ಸಂಜೆ ನನ್ನ ತಟ್ಟೆಯನ್ನು ಕಸದ ಚೀಲಕ್ಕೆ ಹಾಕಲು ಹೊರಟರೆ ಅವಳೇ ಅಡ್ಡ ಬಂದಳು.

"ಹಮಾನೊ ಸಾನ್, ತಡೀರಿ! ಚುಕ್ಕೆ ಅಂಚಲ್ಲಿ ಏನೋ ಮೂಗು ಚಾಚಿದೆ."

"ನನ್ನ ಕೆಲಸದಲ್ಲಿ ಮೂಗು ತೂರಿಸೋರಿಗೇನು ಬರ, ಬಿಡಮ್ಮಾ."

"ಅಯ್ಯೋ, ತಮಾಷೆ ಆಮೇಲೆ! ಅವು ಈಜ್ತಿರೋ ಹಾಗಿದೆ ಕಣ್ರೀ."

ಆ ಮೂಗಿನ ತುದಿಯಿಂದ ಒಂದಿಷ್ಟು ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟೆವು. ಮೀನುಮರಿಗಳಂತೆ ಓಡುತ್ತಿದ್ದವು! ನಾನು ಬಾಯಿ ತೆರೆಯುವ ಮೊದಲೇ ಅವಳು ಕಾರಿಡಾರಿನಲ್ಲಿ ಕೂಗುತ್ತಿದ್ದಳು: "ಮೇಷ್ಟ್ರೇ, ಹಮಾನೊ ಸಾನ್‌ಗೆ ಸಿಕ್ಬಿಡ್ತು!"

ಮೇಷ್ಟ್ರು ಬಂದು ನೋಡಿ "ಆಹಾ" ಎಂದರು. ವೇದಿಕೆ ನನಗೇ ಅಂತೆ.

ಹೊಟ್ಟೆಕಿಚ್ಚು ಆರಬೇಕಿತ್ತು, ಇನ್ನೂ ಉರಿಯುತ್ತಿದೆ. ಮೊದಲು ಅವಳ ಉಂಗುರದ ಮೇಲಿತ್ತು, ಈಗ ಅವಳ ಕಣ್ಣಿನ ಮೇಲೆ, ಆ ಹಾಳು ಒಳ್ಳೆಯತನದ ಮೇಲೆ. ಅವಳ ತಟ್ಟೆ ಹೀಗೆ ಕಸಕ್ಕೆ ಹೊರಟಿದ್ದರೆ ನಾನು ತಡೆಯುತ್ತಿದ್ದೆನೇ?

ತಡೆಯುತ್ತಿದ್ದೆ. ಬಹುಶಃ ಚೀಲದ ಬಾಯಿ ಕಟ್ಟಿಯಾದ ಮೇಲೆ.