ಅರ್ಧ ಸುತ್ತು

ಅಪ್ಪನಿಗೆ ನಮಸ್ಕಾರಗಳು.

ನಿಮಗೆ ಈಗ ಕಣ್ಣು ಕಾಣದ ಕಾರಣ ನಿಮ್ಮ ಬಾಯಿಮಾತು ಕೇಳಿಕೊಂಡೇ ಎಂಜಿನ್ ಜೋಡಿಸಿ ಮುಗಿಸಿದ್ದೇನೆ. ವಾಲ್ವ್‌ಗಳ ಸಂದಿನಲ್ಲಿ ಅಳತೆಯ ತಗಡು ನೀವು ಹೇಳಿದಷ್ಟೇ ಬಿಗಿಯಾಗಿ ಜಾರುತ್ತದೆ.

ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಎರಡೆರಡು ಸಲ ನೋಡಿ ಕೂರಿಸಿದೆ. ಅದು ಅರ್ಧ ಸುತ್ತು ತಪ್ಪಿದರೆ ಕಿಡಿ ತಪ್ಪು ಹೊತ್ತಿಗೆ ಹಾರಿ ಎಂಜಿನ್ ಬರೀ ಢಮಾರ್ ಎನ್ನುತ್ತದೆ ಎಂದು ಕಲಿಸಿದವರು ನೀವೇ. ಅಣ್ಣ ಕಟ್ಟಿದ ಮೊದಲ ಎಂಜಿನ್ ಎಲ್ಲರೆದುರು ಹಾಗೆಯೇ ಅಂದಿತ್ತು. "ಹುಟ್ಟಿದ್ದೇ ಉಲ್ಟಾ, ಇನ್ನೇನು ನೆಟ್ಟಗೆ ಕೂರಿಸ್ತಾನೆ" ಎಂದಿರಿ. ಗ್ಯಾರೇಜೆಲ್ಲ ನಕ್ಕಿತು. ಉಲ್ಟಾ ಎಂಬ ಹೆಸರು ಇಲ್ಲೇ ನಿಂತಿತು, ಅಣ್ಣ ನಿಲ್ಲಲಿಲ್ಲ.

ಅವನು ಸರಿಯಾಗಿಯೇ ಕೂರಿಸಿದ್ದ. ಅವನು ಕೈ ತೊಳೆಯಲು ಹೋದಾಗ ನೀವು ಅದನ್ನು ಎತ್ತಿ, ಅರ್ಧ ಸುತ್ತು ತಿರುಗಿಸಿ ಇಟ್ಟಿದ್ದನ್ನು ಟೈರುಗಳ ಹಿಂದೆ ಪುಸ್ತಕ ಹಿಡಿದು ಕೂತಿದ್ದ ನಾನು ನೋಡಿದೆ. "ಒಂದೇ ಏಟಿಗೆ ಸ್ಟಾರ್ಟ್ ಆಗಿದ್ರೆ ನಾಳೆ ನನ್ನ ತಲೆ ಮೇಲೆ ಕೂರ್ತಿದ್ದ" ಎಂದು ಅಮ್ಮನಿಗೆ ಹೇಳಿದ್ದನ್ನೂ ಕೇಳಿದೆ. ಎದುರು ನಿಂತು ಮಾತಾಡಲು ಆಗ ಧೈರ್ಯವಿರಲಿಲ್ಲ. ಈಗಲೂ ಇಲ್ಲ, ಅದಕ್ಕೇ ಬರೆದಿದ್ದೇನೆ.

ನಾನು ಅಣ್ಣನ ಬಳಿಗೆ ಹೋಗುತ್ತಿದ್ದೇನೆ. ಮುಂದಿನ ಎಂಜಿನ್‌ಗೆ ಬೇರೆ ಕಣ್ಣು ನೋಡಿಕೊಳ್ಳಿ.

ನಿಮ್ಮ ಕಾಗದಗಳನ್ನೆಲ್ಲ ಓದಿ ಹೇಳುವ ವೆಲ್ಡರ್ ಮಾವನ ಕೈಗೇ ಇದನ್ನು ಕೊಟ್ಟಿದ್ದೇನೆ. ಗಿರಾಕಿ, ಕೆಲಸದವರು ಎಲ್ಲ ಸೇರಿದ ಮೇಲೆ, ಎಂಜಿನ್ ಸ್ಟಾರ್ಟ್ ಮಾಡುವ ಮುಂಚೆ ಓದಬೇಕೆಂದು ಹೇಳಿದ್ದೇನೆ. ಇದರಲ್ಲಿ ಎಂಜಿನ್ನಿನ ವಿವರ ಇರಬೇಕು ಎಂದು ಮಾವ ಅಂದುಕೊಂಡಿದ್ದಾರೆ.

ಮಾವ, ನಡುವೆ ಎಲ್ಲಾದರೂ ದನಿ ತಗ್ಗಿಸಿದ್ದರೆ, ಮೊದಲಿನಿಂದ ಇನ್ನೊಮ್ಮೆ ಜೋರಾಗಿ ಓದಿ.

ಇಂತಿ,
ಉಲ್ಟಾನ ತಂಗಿ